ಓಗೊಡದವ್ವನ ಗುಡ್ಡ

ಬಿಳಿಕಲ್ಲಹಟ್ಟಿಯನ್ನು ದಾಟಿದ ಮೇಲೆ ಹೆದ್ದಾರಿ ಉತ್ತರಕ್ಕೆ ಹೊರಳುವಲ್ಲಿ ಎಡಗಡೆಗೆ ಒಂದು ಬೋಳುಗುಡ್ಡ ಎದುರಾಗುತ್ತದೆ. ಮಳೆಗಾಲದ ಒಂದೆರಡು ತಿಂಗಳು ಬಿಟ್ಟರೆ ಅದರ ಮೇಲೆ ಹಸಿರು ನಿಲ್ಲುವುದಿಲ್ಲ. ಬಂಡೆಗಳ ಸಂದಿಯಲ್ಲಿ ಸೀತಾಫಲದ ಗಿಡಗಳು, ಕಾರೆ, ತಂಗಡಿ, ಅಲ್ಲಲ್ಲಿ ಒಂದು ಕಮರದ ಮರ; ಅಷ್ಟೇ ಅದರ ಸಂಪತ್ತು. ಈಚಿನ ವರ್ಷಗಳಲ್ಲಿ ನೆತ್ತಿಯ ಉದ್ದಕ್ಕೂ ಗಾಳಿಯಂತ್ರಗಳು ಎದ್ದಿರುವುದರಿಂದ ದೂರದಿಂದಲೇ ಗುರುತು ಸಿಗುತ್ತದೆ. ಗುಡ್ಡಕ್ಕೂ ಅದರ ಎದುರಿನ ಸಣ್ಣ ಮರಡಿಗೂ ನಡುವೆ ಹಳೆಯ ಕಣಿವೆದಾರಿ. ಅದರ ಬಾಯಲ್ಲಿ ಮೆಟ್ಟಿಲಿಳಿದು ಹೋಗುವ ಒಂದು ಕಲ್ಲುಬಾವಿ, ಬಾವಿಯ ದಂಡೆಗೆ ಹತ್ತಿಕೊಂಡು ಅರ್ಧ ಚಾವಣಿ ಕುಸಿದ ಮಂಟಪ. ದಾರಿಯ ಬದಿಯಲ್ಲಿ ಯಾರೋ ನೆಟ್ಟ ಫಲಕದಲ್ಲಿ ‘ಹೋಗದವ್ವನ ಗುಡ್ಡ’ ಎಂದು ಬರೆದಿದೆ. ಅದು ಕಿವಿಗೆ ಬಿದ್ದಂತೆ ಬರೆದುಕೊಂಡದ್ದು. ಹಟ್ಟಿಯವರ ಬಾಯಲ್ಲಿ ಅದು ಓಗೊಡದವ್ವನ ಗುಡ್ಡ. ಕರೆದವರಿಗೆ ‘ಓ’ ಎಂದು ಮರುದನಿ ಕೊಡುವುದೇ ಓಗೊಡುವುದು. ಹಾಗೆ ಕೊಡದೆ ಹೋದ ಒಬ್ಬಳ ಹೆಸರು ಈ ಕಲ್ಲಿನ ರಾಶಿಗೆ ನಿಂತುಹೋಗಿದೆ.

ಈ ಕಥೆಯನ್ನು ನಾನು ಹಟ್ಟಿಯ ಹಿರಿಯರಿಂದ ಹಲವು ಸಲ ಕೇಳಿದ್ದೇನೆ. ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳುವುದಿಲ್ಲ. ಗಂಡಸರು ಹೇಳುವಾಗ ಕಳ್ಳತನದ ಭಾಗ ಉದ್ದವಾಗುತ್ತದೆ, ಹೆಂಗಸರು ಹೇಳುವಾಗ ಬಾವಿಯ ಭಾಗ. ಎಲ್ಲರೂ ಒಪ್ಪುವಷ್ಟನ್ನು ಇಲ್ಲಿ ಬರೆಯುತ್ತೇನೆ. ಒಪ್ಪದೆ ಇರುವ ಕಡೆ ಹಾಗೆಂದು ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆಯೆಲ್ಲ ಮರಡಿಕೋಟೆಯ ಪಾಳೆಯಗಾರರ ಕೈಯಲ್ಲಿದ್ದಾಗ, ಕಡಲ ಕಡೆಯಿಂದ ಉಪ್ಪು, ಒಣಕೊಬ್ಬರಿ ಹೊತ್ತು ಮೂಡಣ ಸೀಮೆಗೆ ಹೋಗುವ ಹೇರೆತ್ತುಗಳ ಸಾಲು ಈ ಕಣಿವೆಯನ್ನೇ ಹಾಯ್ದು ಹೋಗುತ್ತಿತ್ತು. ಹಿಂದಿನ ನೀರು ಒಂದು ಹಗಲಿನ ದಾರಿ, ಮುಂದಿನ ನೀರು ಇನ್ನೂ ದೂರ. ಆದ್ದರಿಂದ ಯಾವನೋ ಪುಣ್ಯಾತ್ಮ ವರ್ತಕ ಇಲ್ಲಿ ಬಾವಿ ತೋಡಿಸಿ, ಮಂಟಪ ಕಟ್ಟಿಸಿ, ದಾರಿಹೋಕರಿಗೆ ಪುಕ್ಕಟೆ ನೀರು ಕೊಡುವ ಅರವಟ್ಟಿಗೆಯನ್ನು ಇಟ್ಟಿದ್ದನಂತೆ. ಅದಕ್ಕೆ ಅವನು ಕಟ್ಟಿಕೊಟ್ಟ ನೇಮ ಒಂದೇ: ನೀರು ಹೊಯ್ಯುವವರು ಕುಡಿಯುವವರ ಹೆಸರು, ಊರು, ಕುಲ ಕೇಳಕೂಡದು. ಬಂದವನು ಬಗ್ಗಿ ಬೊಗಸೆ ಒಡ್ಡಬೇಕು, ಇವರು ಹೊಯ್ಯಬೇಕು, ಅವನು ಸಾಕೆಂದು ತಲೆಯಾಡಿಸಿದರೆ ನಿಲ್ಲಿಸಬೇಕು. ಕೊಡುವವರಿಗೆ ಕಾಣುವುದು ಒಂದು ನೆತ್ತಿ, ಎರಡು ಕೈ. ಹಾಗಿರುವುದೇ ಒಳ್ಳೆಯದೆಂದು ಆ ವರ್ತಕನಿಗೆ ಅನಿಸಿರಬೇಕು.

ನಮ್ಮ ಕಥೆಯ ಕಾಲಕ್ಕೆ ಅರವಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದವನು ಕೆಂಚಪ್ಪ ಎಂಬ ಮುದುಕ. ಕಣ್ಣಿಗೆ ಪೊರೆ ಬಂದು ಅವನಿಗೆ ಬೆಳಕು ನೆರಳು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಕೆಲಸವೆಲ್ಲ ಮಗಳು ಬೆಳ್ಳವ್ವನದು. ಬೆಳ್ಳವ್ವನಿಗೆ ಚಿಕ್ಕಂದಿನಲ್ಲೇ ಒಂದು ಗಂಡನ್ನು ಗೊತ್ತುಮಾಡಿದ್ದರು. ಆ ಹುಡುಗ ಮದುವೆಗೆ ಮುಂಚೆಯೇ ಹಾವು ಕಡಿದು ಸತ್ತ. ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಹಟ್ಟಿಯಲ್ಲಿ ಹೆಂಗಸರು ಬೆಳಿಗ್ಗೆ ಅವಳ ಮುಖ ಕಂಡರೆ ದಾರಿ ಬದಲಿಸುತ್ತಿದ್ದರು. ಅರವಟ್ಟಿಗೆಗೆ ಬಂದಮೇಲೆ ಅವಳಿಗೆ ಆ ಕಾಟ ತಪ್ಪಿತು. ದಾರಿಯವರಿಗೆ ಅವಳ ಕಥೆ ಗೊತ್ತಿಲ್ಲ, ಬಾಯಾರಿದವರು ಮುಖ ನೋಡುವುದೂ ಇಲ್ಲ. ಅವಳು ಮಾತು ಕಡಿಮೆಯ ಹೆಂಗಸು, ಆದರೆ ದನಿ ಮಾತ್ರ ದೊಡ್ಡದು ಎನ್ನುತ್ತಾರೆ. ಗುಡ್ಡದ ಮೇಲೆ ಮೇಕೆ ಬಿಟ್ಟವರು ಕೂಗಿದರೆ ಕೆಳಗಿನಿಂದ ಅವಳು ಕೊಡುವ ‘ಓ’ ಆಚೆಯ ಮರಡಿಗೆ ಮುಟ್ಟುತ್ತಿತ್ತಂತೆ.

ಸೂರಯ್ಯ ಎಂಬವನು ಇದೇ ಕಣಿವೆಯ ಕಾವಲುಗಾರನಾಗಿದ್ದವನು. ಮರಡಿಕೋಟೆಯನ್ನು ಆಳುತ್ತಿದ್ದ ನಾಯಕನ ಭಾವಮೈದುನನ ಕಡೆಯವರು ಕಣಿವೆಯಲ್ಲಿ ಒಂದು ಹೇರನ್ನು ಲೂಟಿ ಮಾಡಿದರು. ಅದನ್ನು ಕಂಡವನು ಇವನೊಬ್ಬನೇ. ಕಂಡದ್ದನ್ನು ಕೋಟೆಯಲ್ಲಿ ಹೇಳಲು ಹೋದ; ಹೇಳುವ ಮೊದಲೇ ತಪ್ಪನ್ನು ಇವನ ತಲೆಗೆ ಕಟ್ಟಿಯಾಗಿತ್ತು. ಕಾವಲುಗಾರನೇ ಕಳ್ಳನಾದರೆ ಬಲಗೈ ಕಡಿಯುವುದು ಆಗಿನ ಕಟ್ಟಳೆ. ಸೂರಯ್ಯ ತಪ್ಪಿಸಿಕೊಂಡು ಗುಡ್ಡ ಸೇರಿದ. ಮೊದಮೊದಲು ಹೊಟ್ಟೆಗೆ ಕದ್ದ, ಆಮೇಲೆ ಸೇಡಿಗೆ ಕದ್ದ, ಕೊನೆಗೆ ರೂಢಿಗೆ ಕದ್ದ. ಅವನಂತೆಯೇ ಊರು ಬಿಟ್ಟವರು ಕೆಲವರು ಜೊತೆಗೂಡಿದರು. ಅವನು ಬಡವರಿಗೆ ಹಂಚುತ್ತಿದ್ದ ಎಂದು ಹೇಳುವವರಿದ್ದಾರೆ. ಹಟ್ಟಿಯ ಅಜ್ಜಿಯೊಬ್ಬಳು ಈ ಮಾತಿಗೆ ನಕ್ಕು, “ಹಂಚಿದ್ರೆ ನಮ್ಮ ಮನೇಲಿ ಒಂದು ತಂಬಿಗೆ ಆದ್ರೂ ಇರ್ಬೇಕಿತ್ತಲ್ಲಪ್ಪ” ಎಂದಿದ್ದಳು. ಅವನು ಹೆಂಗಸರ ಮೈಮೇಲಿನ ಒಡವೆಗೆ ಕೈಹಾಕಲಿಲ್ಲ ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಒಂದು ಬೇಸಿಗೆಯ ಮಧ್ಯಾಹ್ನ, ಮೇಲೆ ಬಂಡೆಗಳಲ್ಲಿ ಮಳೆನೀರು ನಿಲ್ಲುವ ದೊಣೆಗಳೆಲ್ಲ ಬತ್ತಿದಾಗ, ಅವನು ಅರವಟ್ಟಿಗೆಗೆ ಇಳಿದು ಬಂದ. ತಲೆಗೆ ಕಂಬಳಿ ಹೊದ್ದಿದ್ದ. ಬಗ್ಗಿ ಬೊಗಸೆ ಒಡ್ಡಿದ. ಬಲಗೈಯ ಅಂಗೈಗೆ ಅಡ್ಡಲಾಗಿ ಹಳೆಯ ಗಾಯದ ಕಲೆ ಇತ್ತು. ಹೊಯ್ದ ನೀರು ಆ ಗೆರೆಯಲ್ಲಿ ಹರಿದು ಮೊಣಕೈಗೆ ಇಳಿಯಿತು. ಬೆಳ್ಳವ್ವ ಕಂಡದ್ದು ಅಷ್ಟೇ. ಆ ಕೈ ಮತ್ತೆ ಬಂತು. ಕಂಬಳಿ ಬದಲಾದರೂ, ಜೊತೆಯವರು ಬದಲಾದರೂ, ಕೈಯನ್ನು ಅವಳು ಗುರುತು ಹಿಡಿಯುತ್ತಿದ್ದಳು. ಒಮ್ಮೆ ಅವನು ಕುಡಿದು ಮುಗಿಸಿ ಹೋಗದೆ ನಿಂತ.

“ನೀನು ನನ್ನ ಹೆಸ್ರು ಕೇಳಲೇ ಇಲ್ಲ” ಎಂದ.

“ಕೇಳಬಾರ್ದು ಅಂತ ಐತೆ.”

“ಕೇಳದಿದ್ರೂ ನಾನು ಹೇಳಬೋದಲ್ಲ.”

“ಹೇಳಬೋದು. ಹೇಳಿದ್ ಮೇಲೆ ನೀರು ಕುಡಿಯೋವಾಗ ನಿಂಗೆ ಹೆದ್ರಿಕೆ ಆಗ್ತೈತೆ. ಬ್ಯಾಡ, ಸುಮ್ನೆ ಕುಡ್ಕೊಂಡು ಹೋಗು” ಎಂದಳು ಬೆಳ್ಳವ್ವ. ಅವಳಿಗೆ ಅವನು ಯಾರೆಂದು ಆಗಲೇ ತಿಳಿದಿತ್ತು. ಅವನಿಗೂ ಅದು ತಿಳಿಯಿತು. ಆದರೂ ಅವನು ಹೆಸರು ಹೇಳಿದ. ಅವಳ ಹೆಸರನ್ನೂ ಕೇಳಿದ. ಕಳ್ಳನಾದ ಮೇಲೆ ಅವನು ತನ್ನ ಹೆಸರನ್ನು ತಾನಾಗಿ ಯಾರ ಮುಂದಾದರೂ ಆಡಿದ್ದು ಅದೇ ಮೊದಲೆನ್ನುತ್ತಾರೆ.

ಅವರಿಬ್ಬರ ನಡುವೆ ಆಮೇಲೆ ಬೆಳೆದದ್ದಕ್ಕೆ ಹಟ್ಟಿಯವರು ದೊಡ್ಡ ಹೆಸರು ಕೊಡುವುದಿಲ್ಲ. ‘ಒಬ್ಬರಿಗೊಬ್ಬರು ಹೊಂದ್ಕೊಂಡ್ರು’ ಎಂದಷ್ಟೇ ಹೇಳುತ್ತಾರೆ. ದನ ಮನೆಗೆ ತಿರುಗುವ ಹೊತ್ತಿಗೆ ಅವನು ಗುಡ್ಡದ ಮೇಲಿನ ಚಾಚುಬಂಡೆಯ ಮರೆಯಲ್ಲಿ ನಿಂತು, ದನಗಾಹಿಗಳು ಕೂಗುವಂತೆಯೇ “ಬೆಳ್ಳೀ” ಎಂದು ಕೂಗುವನು. ಬೆಳ್ಳಿ ಎಂಬ ಹೆಸರು ಬಿಳಿಯ ಆಕಳಿಗೂ ಇರುತ್ತದಾದ್ದರಿಂದ ಕೇಳಿದವರಿಗೆ ಅನುಮಾನ ಬರುತ್ತಿರಲಿಲ್ಲ. ಮಂಟಪದಲ್ಲಿ ಕೋಟೆಯವರಾಗಲಿ ಪರವೂರಿನವರಾಗಲಿ ಇಲ್ಲದಿದ್ದರೆ ಅವಳು ಓಗೊಡುವಳು, ಅವನು ಇಳಿದು ಬರುವನು. ಇದ್ದರೆ ಸುಮ್ಮನಿರುವಳು, ಅವನು ಹಿಂದಿರುಗುವನು. ಅವನು ಬಂದಾಗ ಕೆಂಚಪ್ಪನೂ ಪಕ್ಕದಲ್ಲಿ ಕೂತು ಅವನ ಮಾತು ಕೇಳುತ್ತಿದ್ದ. ಮುದುಕ ಒಮ್ಮೆಯೂ ಅವನ ಹೆಸರು ಕೇಳಲಿಲ್ಲ. ಮಂಟಪದ ನೇಮವನ್ನು ಅವನು ಅಷ್ಟು ಬಿಗಿಯಾಗಿ ಹಿಡಿದಿದ್ದ. ಸೂರಯ್ಯ ಬಾವಿಯ ಸಡಿಲವಾದ ಮೆಟ್ಟಿಲುಗಳನ್ನು ಕೂರಿಸಿಕೊಟ್ಟ, ನೀರು ತುಂಬಿಡುವ, ಬಿರುಕು ಬಿಟ್ಟ ಕಲ್ಲುಬಾನಿಗೆ ಗಾರೆ ಮೆತ್ತಿದ. ಪಡುವಣ ನಾಡಿಗೆ ಹೋಗಿ ಯಾರಿಗೂ ಗುರುತಿಲ್ಲದ ಕಡೆ ಹೊಲ ಹಿಡಿಯೋಣವೆಂದು ಅವನು ಹೇಳಿದರೆ, “ಅಪ್ಪನ್ನ ಬಿಟ್ಟು ಬರಾಕಾಗಲ್ಲ; ಬಾವೀನೂ ಬಿಟ್ಟು ಬರಾಕಾಗಲ್ಲ” ಎಂದು ಅವಳು ಹೇಳುತ್ತಿದ್ದಳು. ಹೊತ್ತು ಮುಳುಗಿದರೆ ಅವನು ಎದ್ದು ಗುಡ್ಡ ಹತ್ತುತ್ತಿದ್ದ.

ಹೀಗಿರುವಾಗ ಕೋಟೆಗೆ ಸೇರಿದ ಒಂದು ಹೇರು ಕಣಿವೆ ದಾಟುವಾಗ ಸೂರಯ್ಯನ ಗುಂಪು ಅಡ್ಡಗಟ್ಟಿತು. ಹೇರಿನ ಬೆಂಗಾವಲಿನಲ್ಲಿ ಗುರುಸಿದ್ದ ಎಂಬ ಹುಡುಗನಿದ್ದ, ಈಗಷ್ಟೇ ಮೀಸೆ ಮೂಡುತ್ತಿದ್ದವನು. ಉಳಿದ ಬೆಂಗಾವಲಿನವರು ಓಡಿದರೂ ಅವನು ಓಡಲಿಲ್ಲ. ಎತ್ತಿನ ಮುಂದೆ ನಿಂತು ಕತ್ತಿ ಬೀಸಿದ. ಸೂರಯ್ಯ ಎಸೆದ ಈಟಿ ಅವನ ಹೊಟ್ಟೆಗೆ ನಾಟಿತು.

ಮರುದಿನ ಸೂರಯ್ಯ ಕೂಗಿದ, ಬೆಳ್ಳವ್ವ ಓಗೊಟ್ಟಳು, ಅವನು ಇಳಿದು ಬಂದ. ಬಂದವನು ಬೊಗಸೆ ಒಡ್ಡಲಿಲ್ಲ. ಮಂಟಪದ ಹೊರಗೆ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ತಾನೇ ಹೇಳಿದ. “ಎಳೇ ಹುಡುಗ. ಬಿದ್ದ ಮೇಲೆ ನೀರು ಕೇಳ್ದ. ನನ್ನತ್ರ ಇರ್ಲಿಲ್ಲ. ಇಲ್ಲಿಂದ ತರಾಣ ಅಂತ ಏಳೋದ್ರಾಗೆ ಹೋಗ್ಬಿಟ್ಟ” ಎಂದ.

ಬೆಳ್ಳವ್ವ ಕೊಡ ಎತ್ತಿ, “ಕೈ ಹಿಡಿ” ಎಂದಳು. ಅವನು ಬೇಡವೆಂದ. “ನೀರು ಕೊಡೋದು ಈ ಮಂಟಪದ ನೇಮ. ಕೊಡ್ತೀನಿ. ಇನ್ನೊಂದು ಸಲ ಕೂಗಿದ್ರೆ ಓ ಅಂತೀನೋ ಇಲ್ವೋ, ಅದನ್ನ ಮಾತ್ರ ನಂಗೇ ಬಿಡು” ಎಂದು ಹೊಯ್ದಳು. ಹೊಯ್ಯುವಾಗ ಅವನ ಕೈಯನ್ನು ನೋಡಲಿಲ್ಲ. ಆ ಮಳೆಗಾಲವೆಲ್ಲ ಅವನು ಕೂಗಿದಾಗ ಅವಳು ಸುಮ್ಮನಿದ್ದಳು. ಸೂರಯ್ಯ ತನ್ನ ಗುಂಪನ್ನು ಒಡೆದ. ಜೊತೆಯವರನ್ನು ಅವರವರ ದಾರಿಗೆ ಕಳಿಸಿ ಗುಡ್ಡದ ಮೇಲೆ ಒಬ್ಬನೇ ಉಳಿದ. ಬೇರೆ ಸೀಮೆಗೆ ಹೋಗಬಹುದಿತ್ತು, ಹೋಗಲಿಲ್ಲ. ಕಾಡುಗೆಣಸು ಅಗೆದು ತಿಂದ, ಉಡ ಹೊಡೆದ ಎನ್ನುತ್ತಾರೆ. ಆಮೇಲೆ ಯಾವ ಹೇರೂ ಕಣಿವೆಯಲ್ಲಿ ಕಳುವಾಗಲಿಲ್ಲ. ಅವರೆಕಾಯಿ ಬಿಡುವ ಕಾಲಕ್ಕೆ ಒಂದು ಸಂಜೆ ಅವನು ಕೂಗಿದಾಗ ಬೆಳ್ಳವ್ವ ಮತ್ತೆ ಓಗೊಟ್ಟಳು. ಏಕೆ ಓಗೊಟ್ಟಳೆಂದು ನಾನು ಕೇಳಿದಾಗ, ಕಥೆ ಹೇಳುತ್ತಿದ್ದ ಹೆಂಗಸು, “ಕೊಂದೋನು ಅಂತ ಗೊತ್ತಿದ್ದೇ ಓ ಅಂದ್ಳು, ಗೊತ್ತಿಲ್ದೆ ಅಲ್ಲ” ಎಂದಳು. ಅದಕ್ಕಿಂತ ಹೆಚ್ಚಿನ ಉತ್ತರ ನನಗೆ ಸಿಕ್ಕಿಲ್ಲ.

ಸತ್ತ ಗುರುಸಿದ್ದನಿಗೆ ಒಬ್ಬ ಅಣ್ಣನಿದ್ದ, ಸಂಗಣ್ಣ. ಕೋಟೆಯ ಸವಾರರ ಮುಖಂಡ, ಕುಡಿಯದವನು, ಕೂಗಾಡದವನು. ತಮ್ಮನನ್ನು ಅವನೇ ಎತ್ತಿ ಬೆಳೆಸಿದ್ದ. ಕಣಿವೆಯ ಮೇಕೆಗಾಹಿಯೊಬ್ಬ ಬಾಯಿ ತಪ್ಪಿ ಆಡಿದ ಮಾತಿನಿಂದ ಅವನಿಗೆ ಸುಳಿವು ಸಿಕ್ಕಿತು. ಒಂದು ದಿನ ಬೆಳಿಗ್ಗೆ ಸವಾರರನ್ನು ಕರೆದುಕೊಂಡು ಬಂದು, ಕುದುರೆ ಇಳಿದು, ಎಲ್ಲರಂತೆ ಬಗ್ಗಿ ನೀರು ಕುಡಿದ. ಕುಡಿದಾದ ಮೇಲೆ, “ಸಂಜೆ ಒಬ್ಬ ಕೂಗ್ತಾನಂತೆ. ನೀನು ಓ ಅಂದ್ರೆ ಬತ್ತಾನಂತೆ. ಇವತ್ತು ಅನ್ನು. ಅಷ್ಟು ಸಾಕು, ನಿನ್ನ ತಂಟೆಗೆ, ನಿಮ್ಮಪ್ಪನ ತಂಟೆಗೆ ನಾನು ಬರಲ್ಲ” ಎಂದ. ಸವಾರರು ಕುದುರೆಗಳನ್ನು ಮರಡಿಯ ಹಿಂದೆ ಕಟ್ಟಿ ಮಂಟಪದೊಳಗೆ ಅಡಗಿದರು.

ಸಂಜೆ ಮೇಲಿನಿಂದ ಕೂಗು ಬಂತು. ಬೆಳ್ಳವ್ವ ಬಾನಿಯ ಪಕ್ಕದಲ್ಲಿ ಕೂತಿದ್ದವಳು ಅಲ್ಲಾಡಲಿಲ್ಲ. ಮತ್ತೆ ಕೂಗು ಬಂತು, ಆಮೇಲೆ ನಿಂತಿತು. ಸಂಗಣ್ಣ ಅವಳನ್ನು ಬೈಯಲಿಲ್ಲ. ಮರುದಿನ ಸಂಜೆ ಹಟ್ಟಿಯಿಂದ ಇನ್ನೊಬ್ಬ ಹೆಂಗಸನ್ನು ಕರೆಸಿ ಓ ಎನ್ನಿಸಿದ. ಗುಡ್ಡದ ಮೇಲೆ ಒಂದು ಕಲ್ಲೂ ಉರುಳಲಿಲ್ಲ. ಆ ದನಿಯನ್ನು ನಂಬುವವನು ಅಲ್ಲಿರಲಿಲ್ಲ. ಗುಡ್ಡ ಹತ್ತಿ ಹುಡುಕಿದರು. ಕಾವಲುಗಾರನಾಗಿ ಅದರ ಪ್ರತಿ ಗವಿಯಲ್ಲಿ ಮಲಗಿ ಎದ್ದವನನ್ನು ಅವರು ಹೇಗೆ ಹುಡುಕಿಯಾರು? ಆಗ ಸಂಗಣ್ಣ ಕಾರೆಮುಳ್ಳು ಕಡಿಸಿ ಬಾವಿಯ ಸುತ್ತ ಆಳೆತ್ತರದ ಬೇಲಿ ಹಾಕಿಸಿದ. ಅರವಟ್ಟಿಗೆಯ ಬಾನಿಯನ್ನು ಬರಿದುಮಾಡಿಸಿ ಬೋರಲು ಹಾಕಿಸಿದ. “ನೀನು ಬಾಯಿ ಬಿಡೋವರ್ಗೂ ಇಲ್ಲಿ ಯಾರಿಗೂ ನೀರಿಲ್ಲ” ಎಂದ.

ಅದು ಬಿರುಬೇಸಿಗೆ. ಹೇರೆತ್ತುಗಳ ಸಾಲೊಂದು ಬಂದು ಬೇಲಿಯ ಮುಂದೆ ನಿಂತಿತು. ಎತ್ತುಗಳಿಗೆ ಒಳಗಿನ ನೀರಿನ ವಾಸನೆ ಬಡಿದು ಅವು ಮುಳ್ಳಿಗೆ ಮೂತಿ ಒತ್ತಿ ಕೂಗತೊಡಗಿದವು. ಮೂಗು ಹರಿದು ರಕ್ತ ಬಂದರೂ ಹಿಂದೆ ಸರಿಯಲಿಲ್ಲ. ಹೇರಿನವರ ಜೊತೆಗಿದ್ದ ಮುದುಕಿಯೊಬ್ಬಳು ಮಾತಾಡಲು ಹೋದರೆ ನಾಲಿಗೆ ಹೊರಳದೆ ಬೆಳ್ಳವ್ವನ ಸೀರೆಯ ಸೆರಗನ್ನು ಹಿಡಿದು ಜಗ್ಗಿದಳು. ಹಟ್ಟಿಯ ಜನ ಬಂದರು. ಮುಖ ಕಂಡರೆ ದಾರಿ ಬದಲಿಸುತ್ತಿದ್ದ ಹೆಂಗಸರೇ ಅವಳ ಕೈ ಹಿಡಿದು, “ಒಬ್ಬ ಕಳ್ಳನ ಸಲುವಾಗಿ ಇಷ್ಟು ಜೀವ ಸಾಯಬೇಕೇನವ್ವ? ಒಂದ್ಸಲ ಓ ಅಂದ್ಬಿಡು” ಎಂದು ಅಂಗಲಾಚಿದರು. ಬೆಳ್ಳವ್ವ ತಂದೆಯ ಕಡೆ ನೋಡಿದಳು. ಕೆಂಚಪ್ಪ ಕಂಬಕ್ಕೆ ಒರಗಿ ಕೂತಿದ್ದ. “ನೀನು ಅಂದ್ರೂ ನನ್ನ ಮಗಳೇ, ಅನ್ನದಿದ್ರೂ ನನ್ನ ಮಗಳೇ” ಎಂದ ಮುದುಕ. “ಆದ್ರೆ ಆ ಎತ್ತು ಕೂಗೋದು ಕೇಳಾಕೆ ನನ್ನ ಕೈಲಿ ಆಗ್ತಿಲ್ಲ ತಾಯಿ. ಕಣ್ಣು ಹೋದಂಗೆ ಇವತ್ತು ಕಿವೀನೂ ಹೋಗ್ಬಾರ್ದಿತ್ತಾ.”

ಅವಳು ಎದ್ದು ಸಂಗಣ್ಣನ ಹತ್ತಿರ ಹೋದಳು. ಅವನ ಎದುರು ಅವಳು ಆಡಿದ ಮಾತನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ.

“ಅಣ್ಣಾ, ಅವನು ಕೊಂದಿದ್ದು ನಿನ್ನ ತಮ್ಮನ್ನ. ನಂಗೊತ್ತು. ಅವನೇ ಹೇಳ್ದ.”

ಸಂಗಣ್ಣ ಅವಳನ್ನೇ ನೋಡಿದ. “ಏನಂತ ಹೇಳ್ದ?”

“ನೀರು ಕೇಳ್ದ, ಕೊಡಾಕೆ ಆಗ್ಲಿಲ್ಲ ಅಂದ.”

ಸಂಗಣ್ಣ ಮುಖ ಆ ಕಡೆ ತಿರುಗಿಸಿದ. ತಮ್ಮನ ಹೆಣವನ್ನು ಅವನು ತೊಳೆದಿದ್ದ, ಮಣ್ಣು ಮಾಡಿದ್ದ. ಕೊನೆಗಳಿಗೆಯಲ್ಲಿ ಅವನು ಏನು ಕೇಳಿದನೆಂದು ಮಾತ್ರ ಅಂದಿನವರೆಗೆ ಯಾರೂ ಹೇಳಿರಲಿಲ್ಲ. ಬೇಲಿ ತೆಗೆಸುತ್ತಾನೆ ಎಂದು ನೋಡುತ್ತಿದ್ದವರು ಅಂದುಕೊಂಡರು. ಅವನು ತೆಗೆಸಲಿಲ್ಲ. “ಬಾಯಾರಿ ಸಾಯೋದು ಹೆಂಗಿರ್ತೈತೆ ಅಂತ ಅವನೂ ಮೇಲಿಂದ ನೋಡ್ಲಿ” ಎಂದ. ಆದರೆ ದನಿ ಮೊದಲಿನಂತಿರಲಿಲ್ಲ.

ಅವನು ಹೇಳಿದಂತೆಯೇ ಸೂರಯ್ಯ ಮೇಲಿನಿಂದ ನೋಡುತ್ತಿದ್ದ. ಬೇಲಿ ಬಿದ್ದದ್ದನ್ನು ನೋಡಿದ. ಎತ್ತುಗಳು ಕೂಗಿದ್ದನ್ನು ಕೇಳಿದ. ಜನ ಬೆಳ್ಳವ್ವನನ್ನು ಸುತ್ತುಗಟ್ಟಿದ್ದನ್ನು ಕಂಡ. ಅವಳು ಸುಮ್ಮನಿದ್ದರೆ ಬರಬಾರದೆಂದು ಮಾತಾಗಿತ್ತು. ಆ ಮಾತನ್ನು ಅವನು ಅಷ್ಟು ಕಾಲ ಮೀರಿರಲಿಲ್ಲ. ಮರುದಿನ ಹೊತ್ತು ನೆತ್ತಿಗೆ ಬಂದಾಗ, ಮಂಟಪದಲ್ಲಿದ್ದವರು ತಲೆಯೆತ್ತಿ ನೋಡಿದರೆ, ಚಾಚುಬಂಡೆಯ ಪಕ್ಕದ ಬಯಲುದಾರಿಯಲ್ಲಿ ಒಬ್ಬ ಮನುಷ್ಯ ಬರಿತಲೆಯಲ್ಲಿ, ಬರಿಗೈಯಲ್ಲಿ, ಸಂತೆಗೆ ಹೊರಟವನಂತೆ ನಿಧಾನವಾಗಿ ಇಳಿದು ಬರುತ್ತಿದ್ದ. ಸವಾರರು ಬಿಲ್ಲು ಎತ್ತಿದರು. ಸಂಗಣ್ಣ ಕೈ ಅಡ್ಡ ಹಿಡಿದು ತಡೆದ.

ಸೂರಯ್ಯ ಬೇಲಿಯ ಹತ್ತಿರ ಬಂದು ನಿಂತು, “ಮೊದ್ಲು ಬೇಲಿ ತೆಗೀರಿ. ದನ ನೀರು ಕುಡೀಲಿ. ಆಮ್ಯಾಕೆ ನನ್ನ ಕಟ್ಟಿ” ಎಂದ. ಯಾರೂ ಅಲ್ಲಾಡದಿದ್ದಾಗ ತಾನೇ ಮುಳ್ಳಿಗೆ ಕೈಹಾಕಿ ಎಳೆಯತೊಡಗಿದ. ಆಮೇಲೆ ಹಟ್ಟಿಯವರೂ ಹೇರಿನವರೂ ಸೇರಿದರು. ಕೊನೆಗೆ ಒಬ್ಬಿಬ್ಬರು ಸವಾರರೂ ಕೈಹಚ್ಚಿದರಂತೆ. ಎತ್ತುಗಳು ಕುಡಿದವು, ಮುದುಕಿ ಕುಡಿದಳು, ಎಲ್ಲರೂ ಕುಡಿದರು. ಎಲ್ಲ ಮುಗಿದ ಮೇಲೆ ಸೂರಯ್ಯ ಸಂಗಣ್ಣನನ್ನು ನೋಡಿ, “ನಾನೂ ಕುಡೀಲಾ?” ಎಂದು ಕೇಳಿದ. ಸಂಗಣ್ಣ ಪಕ್ಕಕ್ಕೆ ಸರಿದು ನಿಂತ.

ಬೆಳ್ಳವ್ವ ಕೊಡ ತಂದಳು. ಸೂರಯ್ಯ ಬಗ್ಗಿ ಬೊಗಸೆ ಒಡ್ಡಿದ. ಮುಳ್ಳು ಗೀರಿ ಕೈಯೆಲ್ಲ ರಕ್ತವಾಗಿತ್ತು. ಹಳೆಯ ಗಾಯದ ಗೆರೆ ಕಾಣುತ್ತಿರಲಿಲ್ಲ. ಅವನು ಸಾಕೆಂದು ತಲೆಯಾಡಿಸಿದರೂ ಅವಳು ಹೊಯ್ಯುವುದನ್ನು ನಿಲ್ಲಿಸಲಿಲ್ಲ. ನೀರು ಬೊಗಸೆ ತುಂಬಿ, ಮೊಣಕೈಯಿಂದ ಇಳಿದು, ನೆಲದ ಮೇಲೆ ಹರಿಯಿತು. ಕೊಡ ಬರಿದಾದ ಮೇಲೆ ಅವನು ಮುಖ ಎತ್ತಿದ.

“ಅಷ್ಟು ಸಲ ಕರೆದ್ರೂ ಓ ಅನ್ನಲಿಲ್ಲವಲ್ಲೇ.”

“ಅಂದಿದ್ರೆ ನೀನು ಬತ್ತಿದ್ದೆ.”

“ಅನ್ನದಿದ್ರೂ ಬಂದ್ನಲ್ಲ” ಎಂದು ಸೂರಯ್ಯ ನಕ್ಕ.

ಅವನ ಕೈ ಕಟ್ಟಿ, ಕುದುರೆಗಳ ನಡುವೆ ನಡೆಸಿಕೊಂಡು ಕಣಿವೆಯೊಳಗೆ ಹೊರಟರು. ಬೆಳ್ಳವ್ವ ಬರಿದಾದ ಕೊಡ ಹಿಡಿದು ಬಾವಿಯ ದಂಡೆಯ ಮೇಲೆ ನಿಂತಿದ್ದಳು. ದಾರಿ ಗುಡ್ಡವನ್ನು ಬಳಸಿ ಮರೆಯಾಗುವ ತಿರುವಿನಲ್ಲಿ ಅವನು ಒಮ್ಮೆ ನಿಂತು ಕೂಗಿದ, ಎಂದಿನಂತೆಯೇ, “ಬೆಳ್ಳೀ” ಎಂದು. ಇನ್ನು ಓಗೊಟ್ಟರೆ ಕೆಡುವುದೇನೂ ಇರಲಿಲ್ಲ. ಹಿಡಿಯಬೇಕಾದವನನ್ನು ಹಿಡಿದಾಗಿತ್ತು, ನೀರು ಎಲ್ಲರಿಗೂ ಸಿಕ್ಕಿತ್ತು. ಈಗಲಾದರೂ ಅವಳ ದನಿ ಏಳುತ್ತದೆ ಎಂದು ಅಲ್ಲಿದ್ದವರೆಲ್ಲ ಕಾದರು. ಬೆಳ್ಳವ್ವ ಬಾಯಿ ತೆರೆಯಲಿಲ್ಲ. ಕೊಡವನ್ನು ಬಾವಿಗೆ ಇಳಿಬಿಟ್ಟು ತುಂಬಿಸಿ, ಸೊಂಟಕ್ಕೇರಿಸಿ, ಸರಸರನೆ ಆ ತಿರುವಿನ ಕಡೆಗೆ ನಡೆದಳು. ನಡೆದಳು ಎಂದು ಕೆಲವರು, ಓಡಿದಳು ಎಂದು ಕೆಲವರು. ತುಂಬಿದ ಕೊಡ ಇಟ್ಟುಕೊಂಡು ಓಡಲು ಬರುವುದಿಲ್ಲವಾದ್ದರಿಂದ ನಡೆದಳೆನ್ನುವುದೇ ಸರಿಯಿರಬೇಕು.

ಮರಡಿಕೋಟೆಯವರೆಗೂ ಅವಳು ಸವಾರರ ಹಿಂದೆಯೇ ಹೋದಳು. ಯಾರೂ ಅವಳನ್ನು ಓಡಿಸಲಿಲ್ಲ. ಕೋಟೆಯ ಬಾಗಿಲಲ್ಲಿ ಕಾವಲಿನವರು ತಡೆದರು. ನಾಯಕನ ತೀರ್ಪು ತಡವಾಗಲಿಲ್ಲ. ತನ್ನ ಭಾವಮೈದುನನ ಹೆಸರು ಆ ಕೈದಿಯ ಬಾಯಿಂದ ಸಭೆಯಲ್ಲಿ ಬರುವುದು ಅವನಿಗೆ ಬೇಕಿರಲಿಲ್ಲ ಎಂದು ಗಂಡಸರು ಹೇಳುತ್ತಾರೆ. ಕೊಲ್ಲಲು ಕೋಟೆಯ ಹಿಂದಿನ ಬಯಲಿಗೆ ಸೂರಯ್ಯನನ್ನು ಕರೆದೊಯ್ಯುವ ಮುಂಚೆ ಸಂಗಣ್ಣ ಬಾಗಿಲಿಗೆ ಬಂದ. ಬೆಳ್ಳವ್ವನ ಸೊಂಟದಿಂದ ಕೊಡ ತೆಗೆದುಕೊಂಡು ಒಳಗೆ ಹೋದ. ತಮ್ಮನನ್ನು ಕೊಂದವನ ಕಟ್ಟಿದ ಕೈಗಳ ಮುಂದೆ ತಾನೇ ಬಗ್ಗಿ, ಅವನ ಬಾಯಿಗೆ ನೀರು ಹೊಯ್ದ. ಇಬ್ಬರ ನಡುವೆ ಮಾತಾಯಿತೇ ಎಂದು ಕೇಳಿದರೆ, ಆಗಲಿಲ್ಲ ಎನ್ನುತ್ತಾರೆ. ಕೊಡವನ್ನು ಅವನು ಬರಿದುಮಾಡಿ ತಂದು ಅವಳಿಗೆ ಹಿಂತಿರುಗಿಸಿದ. ಅದರಿಂದಲೇ ಅವಳಿಗೆ ಎಲ್ಲ ಮುಗಿಯಿತೆಂದು ತಿಳಿಯಿತು. ಕಳ್ಳನ ಹೆಣವನ್ನು ಯಾರಿಗೂ ಕೊಡುವ ರೂಢಿ ಇರಲಿಲ್ಲ. ಅವನ ಸಮಾಧಿ ಇಂಥಲ್ಲಿದೆ ಎಂದು ತೋರಿಸುವವರು ಈ ಸೀಮೆಯಲ್ಲಿ ಯಾರೂ ಇಲ್ಲ.

ಬೆಳ್ಳವ್ವ ಅರವಟ್ಟಿಗೆಗೆ ಹಿಂದಿರುಗಿದಳು. ಬಾವಿಯಲ್ಲಿ ಹಾರಿಕೊಂಡಳು ಎಂದು ಹೇಳುವ ಪಾಠವೊಂದಿದೆ, ಹಟ್ಟಿಯ ಹೆಂಗಸರು ಅದನ್ನು ಒಪ್ಪುವುದಿಲ್ಲ. “ಬಾವಿಗೆ ಬಿದ್ರೆ ನೀರು ಕೆಡಲ್ವಾ? ಅವಳು ಅಂಥ ಕೆಲಸ ಮಾಡೋಳಲ್ಲ” ಎನ್ನುತ್ತಾರೆ. ಕೆಂಚಪ್ಪ ತೀರಿಕೊಂಡ ಮೇಲೂ, ಕೂದಲು ನೆರೆತ ಮೇಲೂ, ಅವಳು ಬಂದವರಿಗೆ ನೀರು ಹೊಯ್ಯುತ್ತಲೇ ಇದ್ದಳು. ಮಾತು ಬಿಡಲಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ದಾರಿ ತೋರಿಸುತ್ತಿದ್ದಳು, ಮಕ್ಕಳನ್ನು ಗದರುತ್ತಿದ್ದಳು. ದೂರದಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮಾತ್ರ ಓ ಎನ್ನುತ್ತಿರಲಿಲ್ಲ. ಕೈಯಲ್ಲಿದ್ದುದನ್ನು ಕೆಳಗಿಟ್ಟು ಎದ್ದು, ಕರೆದವರು ಎಲ್ಲಿದ್ದರೆ ಅಲ್ಲಿಗೆ ನಡೆದು ಹೋಗುತ್ತಿದ್ದಳು. ಹೇರಿನವರು ಅವಳ ಹುಟ್ಟುಹೆಸರನ್ನು ಮರೆತು ಓಗೊಡದವ್ವ ಎಂದು ಕರೆಯತೊಡಗಿದರು. ಆ ಹೆಸರು ಬಾವಿಗಾಯಿತು, ಬಾವಿಯಿಂದ ಗುಡ್ಡ ಹತ್ತಿತು.

ಅವಳು ಹೋದ ಮೇಲೆ ಮಂಟಪದ ಹಿಂದೆ ಹಟ್ಟಿಯವರು ಕಟ್ಟಿದ ಗುಡಿ ಈಗಲೂ ಇದೆ, ಆಳು ಬಗ್ಗಿ ಹೋಗಬೇಕಾದಷ್ಟು ಚಿಕ್ಕದು. ಒಳಗೆ ವಿಗ್ರಹವಿಲ್ಲ, ಬಾಯಿ ಸವೆದ ಒಂದು ಕಲ್ಲಿನ ಕೊಡವಿದೆ. ಗುಡಿಗೆ ಗಂಟೆ ಕಟ್ಟಿಲ್ಲ. ದಾರಿಯಲ್ಲಿ ಹೋಗುವ ಲಾರಿಯವರು ಒಮ್ಮೊಮ್ಮೆ ಗಾಡಿ ನಿಲ್ಲಿಸಿ ಹರಕೆಗೆಂದು ಗಂಟೆ ತಂದರೆ, ಪೂಜೆ ಮಾಡುವಾಕೆ ಅದನ್ನು ಕೈಮುಗಿದು ಹಿಂದಿರುಗಿಸುತ್ತಾಳೆ. ಅವ್ವನನ್ನು ಕರೆಯಬೇಕಿಲ್ಲ, ಬಾಗಿಲಲ್ಲಿ ನಿಂತರೆ ಸಾಕು ಎನ್ನುತ್ತಾಳೆ. ನಿಂತವರ ಬೊಗಸೆಗೆ ನೀರು ಬೀಳುತ್ತದೆ. ಅದೇ ಅಲ್ಲಿಯ ಪ್ರಸಾದ.

ಕಳೆದ ವರ್ಷ ಸೀತಾಫಲದ ಕಾಲದಲ್ಲಿ ನಾನು ಆ ಕಡೆ ಹೋಗಿದ್ದೆ. ಹಟ್ಟಿಯ ಮುಂದೆ ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಹಣ್ಣಿನ ಬುಟ್ಟಿಗಳನ್ನು ಇಟ್ಟುಕೊಂಡು ಕೂತಿದ್ದಳು. ಬುಟ್ಟಿಯಲ್ಲಿ ಒಳ್ಳೆಯ ಹಣ್ಣು ತೀರಿಹೋಗಿತ್ತು. ಅವಳು ಮನೆಗಳ ಕಡೆ ತಿರುಗಿ, “ಜಯಮ್ಮಾ” ಎಂದು ಗಟ್ಟಿಯಾಗಿ ಕೂಗಿದಳು. ಯಾರೂ ಓಗೊಡಲಿಲ್ಲ. ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಕೂಗಿ ಎಂದೆ. ಅವಳು ನನ್ನ ಮಾತಿಗೆ ಕಿವಿಗೊಡದೆ, ಮನೆಯಿಂದ ಬರಬೇಕಾದ ಬುಟ್ಟಿಗೆ ಆಗಲೇ ಜಾಗ ಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಗೋಡೆಯ ಮೂಲೆಯಿಂದ ಸೊಸೆ ಬಂದಳು, ಸೆರಗಿಗೆ ಒದ್ದೆ ಕೈ ಒರೆಸಿಕೊಳ್ಳುತ್ತಾ.

“ಏನತ್ತೆ, ಕರೆದ್ರಾ?” ಎಂದಳು.